ಯುದ್ಧ ನಿಲ್ಲಿಸಿದ ಮಿಠಾಯಿ

ಕೋಲ್ಕತಾದ ಸತ್ಯಜಿತ್ ರಾಯ್ 1969ರಲ್ಲಿ ತೆರೆಗೆ ತಂದ ‘ಗೂಪಿ ಗೈನೆ ಬಾಘಾ ಬೈನೆ’ ಚಿತ್ರವನ್ನು ನಾವು ಮನೆಯಲ್ಲಿ ಡಿವಿಡಿ ಹಾಕಿ ಮತ್ತೊಮ್ಮೆ ನೋಡಿದೆವು. ರಾಯ್ ಅವರ ಅಜ್ಜ ಉಪೇಂದ್ರಕಿಶೋರರ ಕಥೆಯೇ ಇದರ ಮೂಲ. ಭೂತರಾಜನಿಂದ ಮೂರು ವರ ಪಡೆದ ಹಳ್ಳಿಯ ಹಾಡುಗಾರ ಮತ್ತು ಡೋಲುಗಾರ ಇಲ್ಲಿನ ಅತಿಮಾನುಷ ನಾಯಕರು. ಭೂತಗಳ ಕುಣಿತಕ್ಕೆ ಒದಗಿರುವುದು ನಮ್ಮ ಕಚೇರಿಗಳ ಮೃದಂಗ, ಘಟ, ಖಂಜಿರ, ಮೋರ್ಸಿಂಗ್‌ಗಳೇ. ಆ ಭಾಗವನ್ನು ಬೇಕೆಂದಷ್ಟು ಸಲ ಹಿಂದಕ್ಕೊಯ್ದು ಕೇಳುವ ಸುಖ ಚಿತ್ರಮಂದಿರದಲ್ಲಿಲ್ಲ.

ಅಮೆರಿಕದ ಸೂಪರ್‌ಮ್ಯಾನ್ ಗೆಲ್ಲುವುದು ತೋಳ್ಬಲದಿಂದ. ಇವರೋ ಹಸಿದ ಸೈನಿಕರ ನಡುವೆ ಆಕಾಶದಿಂದ ಮಿಠಾಯಿಯ ಮಡಕೆಗಳನ್ನು ಇಳಿಸಿ ಯುದ್ಧವನ್ನೇ ನಿಲ್ಲಿಸುತ್ತಾರೆ. 1943ರ ಕ್ಷಾಮವನ್ನು ಕಂಡ ಬಂಗಾಳದಲ್ಲಿ, ಬೇಡಿದ ಊಟ ಸಿಗುವುದಕ್ಕಿಂತ ದೊಡ್ಡ ಅತಿಮಾನುಷ ಶಕ್ತಿ ಇನ್ನಾವುದಿದ್ದೀತು?