ಕಾಡುಪ್ರಾಣಿಗಳ ಹಳೆಯ ಸಚಿತ್ರ ಗ್ರಂಥಗಳು: ಮಂಗಳೂರು ಮತ್ತು ಪಡುವಣ ಕರ್ನಾಟಕ

ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ ಯುರೋಪಿನ ಮುದ್ರಣಾಲಯಗಳು ಕಾಡಿನ ಸಸ್ತನಿಗಳನ್ನು ಕುರಿತು ಚಿತ್ರಸಹಿತವಾದ ದೊಡ್ಡ ಗ್ರಂಥಗಳನ್ನು ಹೊರತಂದವು. 1749ರಲ್ಲಿ ಆರಂಭವಾದ ಬ್ಯುಫೋನನ ಫ್ರೆಂಚ್ ಸಂಪುಟಗಳು, 1774ರಿಂದ ಕಂತುಗಳಲ್ಲಿ ಬಂದ ಶ್ರೇಬರನ ಜರ್ಮನ್ ಗ್ರಂಥ ಇವುಗಳಲ್ಲಿ ಮುಖ್ಯವಾದವು. ಚಿತ್ರವನ್ನು ತಾಮ್ರದ ತಗಡಿನಲ್ಲಿ ಕೊರೆದು ಅಚ್ಚೊತ್ತಿ, ಅನಂತರ ಕೈಯಿಂದ ಬಣ್ಣ ತುಂಬುತ್ತಿದ್ದರು. ಜೀವಂತ ಪ್ರಾಣಿಯನ್ನು ಕಂಡಿರದ ಕಲಾವಿದ ಹುಲ್ಲು ತುಂಬಿದ ಚರ್ಮವನ್ನು ನೋಡಿ ಬರೆದ ಚಿತ್ರಗಳು ಇವುಗಳಲ್ಲಿ ಬಹಳ.

ಪಶ್ಚಿಮ ಕರಾವಳಿಯ ಸಸ್ಯಗಳಿಗೆ ಇಂಥ ಗೌರವ ಬಹು ಬೇಗ ದೊರೆಯಿತು. ಆಮ್‌ಸ್ಟರ್‌ಡ್ಯಾಮಿನಲ್ಲಿ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟವಾದ ‘ಹೋರ್ಟಸ್ ಮಲಬಾರಿಕಸ್’ಗೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಕೊಂಕಣಿ ವೈದ್ಯರು ನೆರವಾಗಿದ್ದರು. ಕಾಟಿ, ಕಡವೆ, ಪುನುಗು ಬೆಕ್ಕುಗಳಿಗೆ ಅಂಥದೊಂದು ಗ್ರಂಥ ಆಗ ಬರಲಿಲ್ಲ. 1801ರಲ್ಲಿ ಮಂಗಳೂರನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ಮೂರು ಸಂಪುಟಗಳ ಪ್ರವಾಸಕಥನದಲ್ಲಿ ಬೇಸಾಯ, ವ್ಯಾಪಾರ, ಜನಜಾತಿಗಳೇ ಮುಂದೆ, ಪ್ರಾಣಿಗಳು ಹಿಂದೆ. ಪ್ರಾಣಿಗಳ ಚಿತ್ರ ಬರೆಸುವ ಕೆಲಸಕ್ಕೆ ಆತ ಕೈಹಾಕಿದ್ದು ಆ ಪ್ರವಾಸ ಮುಗಿದ ಮೇಲೆ, ಬಂಗಾಳದ ಬ್ಯಾರಕ್‌ಪುರದ ಪ್ರಾಣಿಸಂಗ್ರಹಾಲಯದಲ್ಲಿ.

ಕನ್ನಡ ನಾಡಿನ ಕಾಡುಪ್ರಾಣಿಗಳ ಶಾಸ್ತ್ರೀಯ ದಾಖಲೆ ನಿಜವಾಗಿ ಮೊದಲಾಗುವುದು ಧಾರವಾಡದಲ್ಲಿ, ವಾಲ್ಟರ್ ಎಲಿಯಟ್‌ನಿಂದ (1803–1887). 1824ರ ಕಿತ್ತೂರಿನ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತಾಗ ಕಿತ್ತೂರಿನವರು ಸೆರೆಹಿಡಿದ ಇಬ್ಬರು ಈಸ್ಟ್ ಇಂಡಿಯಾ ಕಂಪನಿ ಅಧಿಕಾರಿಗಳಲ್ಲಿ ಈತನೂ ಒಬ್ಬ. ಬಿಡುಗಡೆಯಾದ ಮೇಲೂ ಅದೇ ಸೀಮೆಯಲ್ಲಿ ಉಳಿದು ಶಾಸನಗಳನ್ನು ಸಂಗ್ರಹಿಸಿದ, ಬೇಟೆಯಾಡಿದ, ಪ್ರಾಣಿಗಳನ್ನು ಅಳೆದು ಬರೆದಿಟ್ಟ. ಧಾರವಾಡವನ್ನೊಳಗೊಂಡ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಅವನ ಪಟ್ಟಿ 1839ರಲ್ಲಿ ಮದರಾಸಿನ ಸಾಹಿತ್ಯ ಮತ್ತು ವಿಜ್ಞಾನ ಪತ್ರಿಕೆಯಲ್ಲಿ ಬಂತು. ಬೆಳೆದ ಗಂಡು ಕಾಟಿಯ ಭುಜದ ಎತ್ತರ ಆರು ಅಡಿ ಒಂದೂವರೆ ಅಂಗುಲ ಎಂಬ ಅವನ ಅಳತೆಯನ್ನು ಮುಂದಿನ ಗ್ರಂಥಕರ್ತರು ಎತ್ತಿಕೊಂಡರು. ಹುಲಿ, ಆನೆಗಳಿಗಷ್ಟೇ ಮನಸೋತವನಲ್ಲ ಎಲಿಯಟ್. ಹೊಲದ ಇಲಿಗಳ ಬಗ್ಗೆ ಅವನು ಬರೆದದ್ದು ಇಡೀ ಪಟ್ಟಿಯ ಅತ್ಯುತ್ತಮ ಭಾಗ. 1826ರ ಇಲಿಕಾಟದಲ್ಲಿ ರೈತರು ವಡ್ಡರನ್ನು ಕರೆಸಿ, ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳು ಎಂದು ಗೊತ್ತುಮಾಡಿ ಕೊಲ್ಲಿಸಿದರು. ಸಾವಿರಗಟ್ಟಲೆ ಸತ್ತರೂ ಇಲಿಗಳು ಕಡಿಮೆಯಾದಂತೆ ಕಾಣಲಿಲ್ಲ ಎಂದು ದಾಖಲಿಸಿದ್ದಾನೆ. ಪ್ರಾಣಿಗಳ ಕನ್ನಡದ ಹೆಸರುಗಳನ್ನೂ ಕೇಳಿ ಬರೆದುಕೊಂಡ. ಅವುಗಳಲ್ಲಿ ‘ಗುಲಂದಿ’ ಎಂಬುದನ್ನು ಲಂಡನ್ನಿನ ಪ್ರಾಣಿಶಾಸ್ತ್ರಜ್ಞ ಜಾನ್ ಎಡ್ವರ್ಡ್ ಗ್ರೇ 1837ರಲ್ಲೇ ಒಂದು ಇಲಿಕುಲಕ್ಕೆ ‘ಗೊಲುಂಡ’ ಎಂದು ಇಟ್ಟ; ಅದು ಇಂದಿಗೂ ಬಳಕೆಯಲ್ಲಿದೆ.

ಇದೇ ಗ್ರೇ, ಹಾರ್ಡ್‌ವಿಕ್ ಎಂಬ ಸೇನಾಧಿಕಾರಿಯ ಸಂಗ್ರಹದಿಂದ ಆಯ್ದು 1830–35ರಲ್ಲಿ ಭಾರತೀಯ ಪ್ರಾಣಿಗಳ 202 ಚಿತ್ರಫಲಕಗಳನ್ನು ಹೊರತಂದಿದ್ದ. ಮೂಲಚಿತ್ರಗಳನ್ನು ಬರೆದವರಲ್ಲಿ ಹೆಚ್ಚಿನವರು ಭಾರತೀಯ ಕಲಾವಿದರು. ಅವರ ಕೈಚಳಕವನ್ನು ಜಗತ್ತು ಮೆಚ್ಚಿತು, ಹೆಸರುಗಳನ್ನು ಕೇಳಲಿಲ್ಲ. ಈ ಅನ್ಯಾಯವನ್ನು ಹೇಳದೆ ಆ ಫಲಕಗಳನ್ನು ಹೊಗಳುವುದು ಸಲ್ಲ.

ಈ ಫಲಕಗಳಲ್ಲಿ ಹೆಚ್ಚಿನವು ಕಲ್ಲಚ್ಚಿನವು. ಮಂಗಳೂರಿಗೂ ಆ ವಿದ್ಯೆ ತಡವಾಗಿ ಬರಲಿಲ್ಲ. ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ ಇಲ್ಲಿ 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆಯಿತು. 1843ರ ಜುಲೈ 1ರಂದು ಹೆರ್ಮನ್ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಅದರಲ್ಲೇ ಮುದ್ರಿಸಿದ. ಗೆರೆ, ನೆರಳುಗಳನ್ನು ಮೂಡಿಸಲು ಅಚ್ಚುಮೊಳೆಗಿಂತ ಕಲ್ಲು ಹೆಚ್ಚು ಅನುಕೂಲ. ಆದರೆ ಮಿಷನ್ನಿನ ಗಮನ ಧರ್ಮಪುಸ್ತಕ, ಶಾಲಾಪಾಠ, ಹಳಗನ್ನಡ ಕಾವ್ಯಗಳ ಕಡೆಗಿತ್ತು. ನಿಸರ್ಗದ ಕಡೆ ಹೊರಳಿದಾಗಲೂ ಅದು ಹಿಡಿದದ್ದು ಗಿಡಮೂಲಿಕೆಗಳನ್ನೇ: ಭಾರತದ ಐನೂರು ಸಸ್ಯಗಳ ಉಪಯೋಗ ಕುರಿತ ಸ್ಟೋಲ್ಜ್‌ನ ಕನ್ನಡ ಪುಸ್ತಕ 1881ರಲ್ಲಿ ಮಂಗಳೂರಿನಿಂದ ಹೊರಟಿತು.

ಅಷ್ಟರಲ್ಲಿ ಕರಾವಳಿಯ ಪ್ರಾಣಿಗಳು ಇಂಗ್ಲಿಷ್ ಗ್ರಂಥಗಳನ್ನು ಸೇರಿದ್ದವು. ಮಲಬಾರ್ ಪುನುಗು ಬೆಕ್ಕನ್ನು 1862ರಲ್ಲಿ ಎಡ್ವರ್ಡ್ ಬ್ಲೈತ್ ಬೇರೆ ಜಾತಿಯೆಂದು ವರ್ಣಿಸಿದ. ರೂರ್ಕಿಯಲ್ಲಿ 1867ರಲ್ಲಿ ಅಚ್ಚಾದ ‘ಭಾರತದ ಸಸ್ತನಿಗಳು’ ಗ್ರಂಥದಲ್ಲಿ ಟಿ. ಸಿ. ಜೆರ್ಡನ್ ಅದರ ನೆಲೆ ಹೊನ್ನಾವರದ ಅಕ್ಷಾಂಶದಿಂದ ಕನ್ಯಾಕುಮಾರಿಯವರೆಗೆ ಎಂದ. ಮಂಗಳೂರು ಆ ಹರವಿನೊಳಗೇ ಬರುತ್ತದೆ. ಈಗ ಆ ಪ್ರಾಣಿ ಅಳಿವಿನ ಅಂಚಿನಲ್ಲಿದೆ. ಜೆರ್ಡನ್ನನ ಬಲ ವಿವರಣೆಯಲ್ಲಿತ್ತು. ಸಾಮಾನ್ಯ ಓದುಗರಿಗೆ ಚಿತ್ರಗಳೊಡನೆ ಪ್ರಾಣಿಗಳನ್ನು ತೋರಿಸಿದ ಪುಸ್ತಕ 1884ರ ಸ್ಟರ್ನ್‌ಡೇಲ್‌ನದು. ಮೈಸೂರು ಸೀಮೆಯಲ್ಲಿ ಆನೆ ಹಿಡಿಯುವ ಖೆಡ್ಡಾ ನಡೆಸಿದ ಜಿ. ಪಿ. ಸ್ಯಾಂಡರ್ಸನ್ನನ 1878ರ ಪುಸ್ತಕ ಬೇಟೆಯ ಕಥನವಾದರೂ, ಆನೆಯ ನಡವಳಿಕೆಯನ್ನು ಅಷ್ಟು ಹತ್ತಿರದಿಂದ ಕಂಡು ಬರೆದವರು ಆ ಕಾಲಕ್ಕೆ ವಿರಳ. 1888–91ರಲ್ಲಿ ಭಾರತದ ಸಸ್ತನಿಗಳನ್ನು ಕುರಿತ ಬ್ಲ್ಯಾನ್‌ಫರ್ಡ್‌ನ ಸಂಪುಟ ಬಂದು ಈ ಎಲ್ಲವನ್ನೂ ಕ್ರಮಕ್ಕೆ ತಂದಿತು.

ಕನ್ನಡದ ಮಕ್ಕಳ ಕೈಗೆ ಪ್ರಾಣಿಲೋಕವನ್ನು ಚಿತ್ರಗಳೊಡನೆ ಇಟ್ಟವರು ಶಿವರಾಮ ಕಾರಂತರು. ಪುತ್ತೂರಿನಲ್ಲಿದ್ದುಕೊಂಡು ಅವರು 1936ರಲ್ಲಿ ಹೊರತಂದ ಮೂರು ಸಂಪುಟಗಳ ‘ಬಾಲ ಪ್ರಪಂಚ’ ಪೂರ್ಣವಾಗಿ ಪ್ರಾಣಿಗಳದ್ದಲ್ಲ. ಆದರೂ ದಕ್ಷಿಣ ಕನ್ನಡದ ಮಟ್ಟಿಗೆ ಈ ಪರಂಪರೆಯ ದೊಡ್ಡ ಹೆಜ್ಜೆ ಅದೇ.

ಬಾಸೆಲ್ ಮಿಷನ್ನಿನ ಹಳೆಯ ಮುದ್ರಣಗಳು ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿವೆ. ಇನ್ನು ಯುರೋಪಿನ ಪ್ರಾಣಿಗ್ರಂಥಗಳಿಗೆ ಇಲ್ಲಿ ಎರಡು ಕೇಡು. ಚಿತ್ರಗಳನ್ನು ಕತ್ತರಿಸಿ ಚೌಕಟ್ಟು ಹಾಕಿ ಬಿಡಿಬಿಡಿಯಾಗಿ ಮಾರುವುದು ಒಂದು. ಆಗ ವಿವರಣೆ ಚಿತ್ರದಿಂದ ಬೇರ್ಪಟ್ಟು, ಪ್ರಾಣಿ ಎಲ್ಲಿಯದು, ಯಾರು ತಂದದ್ದು ಎಂಬುದೇ ಅಳಿಸಿಹೋಗುತ್ತದೆ. ಇನ್ನೊಂದು ಕರಾವಳಿಯ ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಕಾಗದಕ್ಕೆ ಕಂದು ಚುಕ್ಕೆ, ರಟ್ಟಿಗೆ ಬೂಷ್ಟು, ಕಪಾಟಿಗೆ ಗೆದ್ದಲು. ಕೈಯಿಂದ ಬಣ್ಣ ಹಾಕಿದ ಹಾಳೆಗಳನ್ನು ಬಿಸಿಲಿಗೆ ಒಣಹಾಕಿದರೆ ಬಣ್ಣವೇ ಮಾಸುವುದರಿಂದ, ಗಾಳಿಯಾಡುವ ನೆರಳಿನಲ್ಲಿ, ಹಾಳೆಗಳ ನಡುವೆ ಆಮ್ಲವಿಲ್ಲದ ಕಾಗದವಿಟ್ಟು ಕಾಯುತ್ತಾರೆ.