ಕ್ವಾಲಿಸ್‌ನಿಂದ ಇನ್ನೋವಾಕ್ಕೆ: ಒಂದು ಕುಟುಂಬ ವಾಹನದ ಚರಿತ್ರೆ

ಚರಿತ್ರೆಯೆಂದರೆ ಅರಸರು ಮತ್ತು ಯುದ್ಧಗಳು ಎಂದೇ ನಾವು ಶಾಲೆಯಲ್ಲಿ ಓದಿಕೊಂಡು ಬಂದಿದ್ದೇವೆ. ಆದರೆ ಜನಸಾಮಾನ್ಯರು ಬಳಸಿದ ವಸ್ತುಗಳಿಗೂ ಚರಿತ್ರೆಯಿದೆ. ಬೆಂಗಳೂರಿನ ಆರ್.ಟಿ. ನಗರದಂತಹ ಬಡಾವಣೆಗಳ ಮಧ್ಯಮವರ್ಗದ ಬದುಕು ಕಳೆದ ಕಾಲು ಶತಮಾನದಲ್ಲಿ ಹೇಗೆ ಬದಲಾಯಿತೆಂದು ತಿಳಿಯಲು ಒಂದು ವಾಹನದ ಕಥೆಯನ್ನು ನೋಡಬಹುದು.

ಮದುವೆಗೋ ಊರಿಗೋ ಹೊರಟರೆ ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಒಂದೇ ಗಾಡಿಯಲ್ಲಿ ಹೋಗಬೇಕೆಂಬುದು ನಮ್ಮ ಕುಟುಂಬಗಳ ಹಳೆಯ ಆಸೆ. ಅಂಬಾಸಿಡರ್ ಕಾರಿನಲ್ಲಿ ಒತ್ತಿಕೊಂಡು ಕೂರಬೇಕಿತ್ತು. 1984ರಲ್ಲಿ ಬಂದ ಮಾರುತಿ ವ್ಯಾನ್, ಅಂದರೆ ಮುಂದಿನ ಓಮ್ನಿ, ಪೇಟೆಯೊಳಗೆ ಸಾಕಾಗುತ್ತಿತ್ತು. ದೂರದ ಹಾದಿಗೆ ಅದರ ಪುಟ್ಟ ಇಂಜಿನ್ ಸಾಲುತ್ತಿರಲಿಲ್ಲ.

1997ರಲ್ಲಿ ಜಪಾನಿನ ಟೊಯೊಟಾ ಮತ್ತು ಕಿರ್ಲೋಸ್ಕರ್ ಸಮೂಹ ಸೇರಿ ಕಂಪೆನಿ ಸ್ಥಾಪಿಸಿ, ಮೈಸೂರು ರಸ್ತೆಯ ಬಿಡದಿಯಲ್ಲಿ ಕಾರ್ಖಾನೆ ಕಟ್ಟಿದವು. 2000ದ ಆರಂಭದಲ್ಲಿ ಅಲ್ಲಿಂದ ಹೊರಬಂದ ಮೊದಲ ವಾಹನವೇ ಕ್ವಾಲಿಸ್. ಅದು ಹೊಸ ವಿನ್ಯಾಸವೇನೂ ಆಗಿರಲಿಲ್ಲ. ಇಂಡೋನೇಷ್ಯಾದಲ್ಲಿ 1977ರಿಂದ ಓಡುತ್ತಿದ್ದ ‘ಕಿಜಾಂಗ್’ ಎಂಬ ವಾಹನದ ಮೂರನೇ ತಲೆಮಾರು ಅದರ ಮೂಲ. ಕಿಜಾಂಗ್ ಎಂದರೆ ನಮ್ಮ ಕಾಡುಕುರಿಯ ಜಾತಿಯ ಜಿಂಕೆ. ಲಾರಿಯಂತೆ ಚಾಸಿಸ್ ಮೇಲೆ ಬಾಡಿ ಕೂರಿಸಿದ ಈ ಡೀಸೆಲ್ ಗಾಡಿಯ ಕೆಲವು ಮಾದರಿಗಳಲ್ಲಿ ಹತ್ತು ಮಂದಿ ಕೂರಬಹುದಿತ್ತು. ನೋಟಕ್ಕೆ ಹಳತಾದರೂ ಕುಟುಂಬಗಳೂ ಟ್ರಾವೆಲ್ಸ್‌ನವರೂ ಅದನ್ನು ಮೆಚ್ಚಿದರು. ಕಾಲ್‌ಸೆಂಟರ್‌ಗಳ ರಾತ್ರಿ ಪಾಳಿಯವರನ್ನು ಮನೆ ಮನೆಗೆ ಮುಟ್ಟಿಸಿದ್ದೂ ಅದೇ.

ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ, 2005ರಲ್ಲಿ ಕ್ವಾಲಿಸ್ ನಿಂತು ಇನ್ನೋವಾ ಬಂತು. 2.5 ಲೀಟರಿನ ಕಾಮನ್ ರೈಲ್ ಡೀಸೆಲ್ ಇಂಜಿನ್, ಏಳು ಅಥವಾ ಎಂಟು ಆಸನ, ಹಿಂದಿನ ಸಾಲಿಗೂ ಎ.ಸಿ. ಗಾಳಿ. 2009 ಮತ್ತು 2012ರಲ್ಲಿ ಮುಖ ಬದಲಾಯಿತು, ಮೈಕಟ್ಟು ಬದಲಾಗಲಿಲ್ಲ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಎಚ್.ಎ.ಎಲ್.ನಿಂದ ದೇವನಹಳ್ಳಿಗೆ ಹೋದಾಗ ಆರ್.ಟಿ. ನಗರದ ಪಕ್ಕದ ಬಳ್ಳಾರಿ ರಸ್ತೆಯೇ ಅದರ ಹೆಬ್ಬಾಗಿಲಾಯಿತು. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಹಳದಿ ಬೋರ್ಡಿನ ಇನ್ನೋವಾಗಳು ಸಾಲುಗಟ್ಟಿದವು. ಸಾಲ ತೆಗೆದು ಒಂದು ಗಾಡಿ ಕೊಂಡು, ಅದರ ಕಂತಿನ ಜೊತೆಗೇ ಮಕ್ಕಳ ಫೀಸನ್ನೂ ಕಟ್ಟಿದ ಚಾಲಕರಿಗೆ ಅದು ಅನ್ನದ ಬಟ್ಟಲಾಯಿತು.

2016ರಲ್ಲಿ ಈ ತಲೆಮಾರೂ ಮುಗಿದು ಕ್ರಿಸ್ಟಾ ಬಂತು. ಆಗಿನ ಆರಂಭದ ಬೆಲೆ ಮುಂಬಯಿ ಶೋರೂಮಿನಲ್ಲಿ 13.84 ಲಕ್ಷ ರೂಪಾಯಿ. 2 ಲೀಟರಿಗಿಂತ ದೊಡ್ಡ ಡೀಸೆಲ್ ಗಾಡಿಗಳ ನೋಂದಣಿಯನ್ನು ಸುಪ್ರೀಂ ಕೋರ್ಟ್ 2015ರ ಡಿಸೆಂಬರಿನಲ್ಲಿ ದಿಲ್ಲಿ ವಲಯದಲ್ಲಿ ತಡೆದಿತ್ತು. ಆ ತಡೆ 2016ರ ಆಗಸ್ಟಿನಲ್ಲಿ ತೆರವಾದರೂ ಡೀಸೆಲ್‌ನ ಹೊಗೆಗೆ ಲೆಕ್ಕ ಕೊಡಬೇಕಾದ ಕಾಲ ಬಂದಿತ್ತು. 2022ರ ನವೆಂಬರಿನಲ್ಲಿ ಅನಾವರಣಗೊಂಡ ಹೈಕ್ರಾಸ್‌ನಲ್ಲಿ ಡೀಸೆಲ್ ಇಲ್ಲ, ಪ್ರತ್ಯೇಕ ಚಾಸಿಸ್ಸೂ ಇಲ್ಲ. ಅದರ ಹೈಬ್ರಿಡ್ ಮಾದರಿಯಲ್ಲಿ ಪೆಟ್ರೋಲಿನ ಜೊತೆ ವಿದ್ಯುತ್ ಮೋಟಾರು. ಬಿಡುಗಡೆಯಾದಾಗ ಅದರ ಆರಂಭದ ಬೆಲೆ 18.30 ಲಕ್ಷ ಆಗಿತ್ತು.

ಹೊಗೆ ಕಡಿಮೆಯಾಯಿತು, ಸುರಕ್ಷತೆ ಹೆಚ್ಚಿತು. ಇವು ನಿಜವಾದ ಲಾಭಗಳೇ. ಆದರೆ ಈ ಸಾಲಿನ ಇನ್ನೊಂದು ಬದಿಯನ್ನೂ ನಾವು ಓದಬೇಕು. ಹತ್ತು ಆಸನ ಎಂಟಾಯಿತು, ಏಳಾಯಿತು. ಕೆಲವು ಮಾದರಿಗಳಲ್ಲಿ ನಡುವಿನ ಉದ್ದ ಸೀಟು ಹೋಗಿ ಒಬ್ಬೊಬ್ಬರಿಗೆ ಒಂದೊಂದು ಕುರ್ಚಿ ಬಂತು. ಒಟ್ಟಿಗೆ ಹೋಗಲೆಂದು ಹುಟ್ಟಿದ ವಾಹನ ತಲೆಮಾರಿನಿಂದ ತಲೆಮಾರಿಗೆ ಕಡಿಮೆ ಜನರಿಗೆ ಹೆಚ್ಚು ಸುಖ ಕೊಡುವ ವಾಹನವಾಯಿತು. ದೊಡ್ಡ ಕುಟುಂಬ, ಸಣ್ಣ ಆದಾಯ ಇರುವವರು ಎಲ್ಲಿಗೆ ಹೋಗಬೇಕು?

ಅವರು ಹಳೆಯ ಗಾಡಿಯ ಬಳಿಗೇ ಹೋಗುತ್ತಾರೆ. ಖಾಸಗಿ ವಾಹನದ ನೋಂದಣಿಗೆ 15 ವರ್ಷ ತುಂಬಿದ ಮೇಲೆ ಅದನ್ನು ನವೀಕರಿಸಬೇಕು. ಮೊದಲ ತಲೆಮಾರಿನ ಕೊನೆಯ ಇನ್ನೋವಾಗಳಿಗೆ ಆ ಗಡುವು 2031ಕ್ಕೆ. ಅಷ್ಟರೊಳಗೆ ಎಲ್ಲರನ್ನೂ ಒಟ್ಟಿಗೆ ಕರೆದೊಯ್ಯುವ, ಕೈಗೆಟುಕುವ ಬೆಲೆಯ, ಹೊಗೆ ಉಗುಳದ ಒಂದು ವಾಹನ ನಮಗೆ ಬೇಕು.