ಬೀರುವಿನ ಚುಟ್ಟದ ಖಾನೆ

ನಮ್ಮ ಮನ್ಯಾಗ ತೇಗದ ಹಳೇ ಬೀರು ಒಂದೈತಿ. ಅದರ ಕೆಳಗಿನ ಖಾನೆ ಎಳೆದರೆ ಇವತ್ತಿಗೂ ಹೊಗೆಸೊಪ್ಪಿನ ವಾಸನೆ ಬರ್ತೈತಿ. ಆ ಖಾನೆಯ ಕತೆ ಹೇಳಬೇಕಂದ್ರೆ ಮೊದಲು ಹೊಗೆಸೊಪ್ಪಿನ ಕತೆ ಹೇಳಬೇಕು.

ಹೊಗೆಸೊಪ್ಪು ನಮ್ಮ ನೆಲದ್ದಲ್ಲ. ಅಮೆರಿಕ ಖಂಡದ್ದು, ಪೋರ್ಚುಗೀಸರು ಹಡಗಿನಲ್ಲಿ ತಂದದ್ದು. 1565ರ ರಕ್ಕಸತಂಗಡಿ ಯುದ್ಧ ಆದಮೇಲೆ ನಮ್ಮ ಆದವಾನಿ ಕೋಟೆ ಬಿಜಾಪುರದ ಆದಿಲ್‌ಶಾಹಿ ಸುಲ್ತಾನರ ಕೈಗೆ ಹೋಯಿತು. ಅದೇ ಬಿಜಾಪುರಕ್ಕೆ ಅಕ್ಬರ್ ಬಾದಶಹನ ಕಡೆಯಿಂದ ಅಸದ್ ಬೇಗ್ ಎಂಬವನು ಬಂದಿದ್ದ. ಹೊಗೆಸೊಪ್ಪು ಅವನಿಗೆ ಹೊಸದು. ಅದನ್ನು ಕೊಂಡೊಯ್ದು ಬಾದಶಹನ ಮುಂದಿಟ್ಟ. ಅಕ್ಬರ್ ಒಂದೆರಡು ದಮ್ಮು ಎಳೆದ. ಹಕೀಮ ಬೇಡವೆಂದ, ಬಾದಶಹ ಬಿಟ್ಟ. ಮಗ ಜಹಾಂಗೀರ್ 1617ರಲ್ಲಿ ಹೊಗೆಸೊಪ್ಪು ಸೇದಬಾರದೆಂದು ಅಪ್ಪಣೆ ಮಾಡಿದ. ಮಂದಿ ಕೇಳಲಿಲ್ಲ.

ಮುಂದೆ ಇಂಗ್ಲಿಷರ ಕಾಲ ಬಂತು. ತಮಿಳರ ‘ಸುರುಟ್ಟು’ ಅವರ ಬಾಯಲ್ಲಿ ‘ಚೆರೂಟ್’ ಆಯಿತು. ನಮ್ಮ ಕಡೆ ತೆಲುಗರಿಗೂ ಕನ್ನಡದವರಿಗೂ ಅದು ಚುಟ್ಟವೇ. ತಿರುಚಿನಾಪಳ್ಳಿಯ ಚುಟ್ಟ ಸೀಮೆಗೂ ಹೋಗುತ್ತಿತ್ತು.

1953ರ ತನಕ ಆದವಾನಿ ಇದ್ದದ್ದು ಬಳ್ಳಾರಿ ಜಿಲ್ಲೆಯಲ್ಲಿ. ನಮ್ಮೂರ ಬಡಿಗೇರ ತಾತ ವಯಸ್ಸಿನಲ್ಲಿ ಬಳ್ಳಾರಿ ದಂಡಿಗೆ ಹೋಗಿ, ದೊರೆಗಳ ಬಂಗ್ಲೆಯಲ್ಲಿ ಮರಗೆಲಸ ಮಾಡಿದವನು. ಚುಟ್ಟ ಕಾಯುವ ಪೆಟ್ಟಿಗೆ ಅಲ್ಲಿ ನೋಡಿಕೊಂಡಿದ್ದ. ನಮ್ಮ ಬೇಸಿಗಿ ನಿಮಗೆ ಗೊತ್ತೇ ಐತಿ, ಚುಟ್ಟ ಒಣಗಿ ಮುಟ್ಟಿದರೆ ಪುಡಿಯಾಗತೈತಿ. ಅದಕ್ಕೆ ನಮ್ಮಪ್ಪ ತಾತನಿಂದ ಈ ಖಾನೆ ಮಾಡಿಸಿದ.

ತೇಗದ ಖಾನೆಯೊಳಗೆ ಗಂಧಗರಿಗೆಯ ತೆಳು ಹಲಗೆ ಕೂಡಿಸಿದ. ಅದು ಬೇವಿನ ಕುಲದ ಮರ. ಸೀಮೆಯವರು ಚುಟ್ಟದ ಪೆಟ್ಟಿಗೆಗೆ ಬಳಸುವ ಮರವೂ ಅದೇ ಕುಲದ್ದು. ಸಂದು ಬಿಡದಂಗೆ ಬಿಗಿ ಮಾಡಿ ಮೇಲೆ ಮುಚ್ಚಳ ಇಟ್ಟ. ಒಳಗೆ ವಾರ್ನೀಸು ಬಳಿಯಲಿಲ್ಲ, ಯಾಕಂದ್ರೆ ಮರ ತೇವ ಕುಡಿಯಬೇಕು, ಮತ್ತೆ ಬಿಡಬೇಕು. ಮೊದಲು ಒದ್ದೆ ಬಟ್ಟೆಯಿಂದ ಒರೆಸಿ ನಾಲ್ಕು ದಿನ ಖಾಲಿ ಬಿಟ್ಟ. ಇಲ್ಲದಿದ್ದರೆ ಒಣ ಮರವೇ ಚುಟ್ಟದ ತೇವ ಎಳೆದುಕೊಳ್ಳತೈತಿ. ಮೂಲೆಯಲ್ಲಿ ಮಣ್ಣಿನ ಬಟ್ಟಲು, ಅದರಲ್ಲಿ ಒದ್ದೆ ಅರಿವೆ. ಒಳಗಿನ ಗಾಳಿಯ ತೇವ ನೂರಕ್ಕೆ 70ರ ಆಸುಪಾಸು ಇರಬೇಕಂತ ಈಗಿನವರು ಅಳೆದು ಹೇಳ್ತಾರೆ. ತಾತ ಚುಟ್ಟ ಒತ್ತಿ ನೋಡಿ ಹೇಳುತ್ತಿದ್ದ. ನೀರು ಹೆಚ್ಚಾದರೆ ಬೂಸ್ಟು, ಕಮ್ಮಿಯಾದರೆ ಪುಡಿ.

ಬಟ್ಟಲಿಗೆ ದಿನಾ ನೀರು ಹಾಕುವ ಕೆಲಸ ನನ್ನದು. ಹುಡುಗನಾಗಿ ಒಂದು ದಿನವೂ ತಪ್ಪಿಸಲಿಲ್ಲ.

ನಮ್ಮಪ್ಪ ಮೊಹರಂ ಪದ, ತತ್ವಪದ ಹಾಡುವವನು. ಅವನು ದನಿ ತೆಗೆದರೆ ಪಕ್ಕದೂರಿಗೆ ಕೇಳುತ್ತಿತ್ತು. ನಾನು ಜೊತೆಗೆ ನಿಂತು ಹಾಡೋ ಹೊತ್ತಿಗೆ ಆ ದನಿ ಒಡೆಯಿತು. ಗಂಟಲಲ್ಲಿ ಗಡ್ಡೆ, ಚುಟ್ಟದಿಂದಲೇ ಅಂದರು ಡಾಕ್ಟರು. ಕೊನೆಯ ವರ್ಷ ಅಪ್ಪ ಕೈಸನ್ನೆಯಲ್ಲಿ ತಾಳ ತೋರಿಸುತ್ತಿದ್ದ, ಪದ ಹೇಳಲಾಗಲಿಲ್ಲ. ಅವನಲ್ಲಿದ್ದ ಹಾಡಿನಲ್ಲಿ ನನಗೆ ಬಂದದ್ದು ಅರ್ಧವೂ ಇಲ್ಲ. ಅಕ್ಬರನ ಹಕೀಮ ಹೇಳಿದ ಮಾತು ನಮ್ಮ ಮನಿಗೆ ಬಂದು ಮುಟ್ಟಲು ನಾಲ್ಕು ನೂರು ವರ್ಷ ಬೇಕಾಯಿತು. ಚುಟ್ಟ ಕೆಡದಂಗೆ ಕಾದೆವು, ಗಂಟಲು ಕಾಯಲಿಲ್ಲ.

ಅಪ್ಪ ಹೋದಮೇಲೆ ಬಟ್ಟಲು ತೆಗೆದೆ. ಖಾನೆಯನ್ನು ಬಿಸಿಲಿಗಿಟ್ಟು ಒಣಗಿಸಿದೆ. ನೆನಪಿದ್ದ ಪದಗಳನ್ನು ನೋಟುಬುಕ್ಕಿನಲ್ಲಿ ಬರೆದು ಅದರಲ್ಲಿಟ್ಟೀನಿ. ಕಾಗದಕ್ಕೆ ತೇವ ಆಗದು. ಶಾಲೆಯ ಮೇಷ್ಟ್ರುಗಳೇ, ನಿಮ್ಮ ಮಕ್ಕಳನ್ನ ಕಳಿಸಿರಿ, ಹಾಡಿ ಬರೆಸತೀನಿ. ನನಗೂ ವಯಸ್ಸಾಯಿತು, ದನಿ ಇನ್ನೂ ಐತಿ.